‘ತಾತಂಗೆ ಈಗಲೂ ಉರೀತಾ ಇದ್ಯಾ ಅಮ್ಮ?’

ಪ್ರಶ್ನೆ: ನಾನು ಸಕಲೇಶಪುರದ ಕಡೆಯ ಕಥೋಲಿಕ ಕುಟುಂಬದವಳು. ವಯಸ್ಸು 37, ಈಗ ಮೈಸೂರಿನಲ್ಲಿದ್ದೇನೆ. ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅಜ್ಜಿಯನ್ನು ಮಣ್ಣು ಮಾಡುವಾಗ ಚರ್ಚಿನವರೊಂದಿಗೆ ಮನಸ್ತಾಪವಾಗಿ, ಆಮೇಲೆ 22 ವರ್ಷ ಅವರು ಪೂಜೆಗೆ ಹೋಗಲಿಲ್ಲ. ಆದರೆ ಕ್ರಿಸ್‌ಮಸ್ ಬಂದರೆ ಮನೆಯ ಗೋದಲಿಯನ್ನು ಅವರೇ ಕಟ್ಟುತ್ತಿದ್ದರು. ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಜ್ವರ ಬಂದರೆ ನಡುರಾತ್ರಿಯಾದರೂ ಎದ್ದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಕಳೆದ ಜನವರಿಯಲ್ಲಿ ಕಣದಲ್ಲಿ ಕಾಫಿ ಹರವಿಸುತ್ತಿದ್ದಾಗ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ಪಾಪನಿವೇದನೆಯೂ ಆಗಲಿಲ್ಲ, ಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಅಭ್ಯಂಗವೂ ಸಿಗಲಿಲ್ಲ. ನನ್ನ ಸೋದರತ್ತೆಯ ಮನೆಯಲ್ಲಿ ಶನಿವಾರ ಜಪಮಾಲೆ, ಪ್ರಾರ್ಥನಾಕೂಟ ನಡೆಯುತ್ತದೆ. ಅಲ್ಲಿ ಅವರು ಎಲ್ಲರೆದುರು, ‘ಅಣ್ಣ ದೇವರಿಗೆ ಬೆನ್ನು ಹಾಕಿ ಸತ್ತ. ಅವನಿಗೆ ನರಕವೇ, ಅಲ್ಲಿಂದ ವಾಪಸು ಬರುವುದು ಅಂತ ಇಲ್ಲ’ ಎಂದುಬಿಟ್ಟರು. ನನ್ನ 8 ವರ್ಷದ ಮಗ ಅಲ್ಲೇ ಕೂತಿದ್ದ. ಅಂದು ರಾತ್ರಿ ಸ್ನಾನಕ್ಕೆ ಬಿಸಿನೀರು ಹುಯ್ಯುವಾಗ, ‘ತಾತಂಗೆ ಈಗಲೂ ಉರೀತಾ ಇದ್ಯಾ ಅಮ್ಮ?’ ಎಂದು ಕೇಳಿದ. ಅಂದಿನಿಂದ ನನಗೆ ಪ್ರಾರ್ಥಿಸಲಾಗುತ್ತಿಲ್ಲ. ‘ನಮ್ಮಲ್ಲಿ ನರಕಕ್ಕೂ ಅವಧಿ ಇದೆ’ ಎಂದು ಪಕ್ಕದ ಮನೆಯ ಹಿಂದೂಗಳು ಹೇಳಿದಾಗ ಹೊಟ್ಟೆಕಿಚ್ಚಾಯಿತು. ಪ್ರೀತಿಯ ದೇವರು ಹೀಗೆ ಮಾಡುತ್ತಾನೆಯೇ? ಮಗನಿಗೆ ಏನು ಹೇಳಲಿ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸುತ್ತುಬಳಸದೆ ಮೊದಲು ಇದನ್ನು ಹೇಳುತ್ತೇನೆ: ನಿಮ್ಮ ತಂದೆ ನರಕದಲ್ಲಿದ್ದಾರೆ ಎನ್ನುವ ಅಧಿಕಾರ ನಿಮ್ಮ ಅತ್ತೆಗಿಲ್ಲ, ನಿಮ್ಮ ಧರ್ಮಕೇಂದ್ರದ ಗುರುಗಳಿಗಿಲ್ಲ, ಪೋಪ್ ಅವರಿಗೂ ಇಲ್ಲ. ಸಾವಿರಾರು ಮಂದಿಯನ್ನು ಹೆಸರು ಹಿಡಿದು ಸಂತರೆಂದು ಸಾರಿರುವ ನಿಮ್ಮ ಧರ್ಮಸಭೆಯು, ಇಂಥವರು ನರಕದಲ್ಲಿದ್ದಾರೆ ಎಂದು ಇಂದಿನವರೆಗೆ ಒಬ್ಬರ ಹೆಸರನ್ನೂ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ವಿಷಯದಲ್ಲಿ ಕೂಡ ಅದು ಅಂಥ ತೀರ್ಪನ್ನು ಘೋಷಿಸಿಲ್ಲ.

ಹಾಗೆಂದು ನರಕದ ಮಾತೇ ಶುಭಸಂದೇಶದಲ್ಲಿ ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಯೇಸುವೇ ಅದನ್ನು ಹಲವು ಬಾರಿ ಆಡಿದ್ದಾರೆ. ಆದರೆ ಅವರು ಬಳಸಿದ ‘ಗೆಹೆನ್ನ’ ಎಂಬ ಪದ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಅದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಒಂದು ಕಾಲದಲ್ಲಿ ಅಲ್ಲಿ ಜನರು ತಮ್ಮ ಮಕ್ಕಳನ್ನೇ ಬೆಂಕಿಯಲ್ಲಿ ಬಲಿಕೊಡುತ್ತಿದ್ದರು. ಯೆರೆಮೀಯನ ಗ್ರಂಥದ 7ನೇ ಅಧ್ಯಾಯದಲ್ಲಿ ದೇವರು ಆ ಕಣಿವೆಯ ಬಗ್ಗೆ, ಇಂಥದ್ದನ್ನು ನಾನು ಆಜ್ಞಾಪಿಸಲೂ ಇಲ್ಲ, ಇದು ನನ್ನ ಮನಸ್ಸಿಗೆ ಬಂದದ್ದೂ ಇಲ್ಲ ಎನ್ನುತ್ತಾರೆ. ಮಕ್ಕಳನ್ನು ಸುಡುವುದು ತನ್ನ ಮನಸ್ಸಿಗೇ ಬಂದಿಲ್ಲವೆಂದು ಹೇಳಿದ ದೇವರು, ಅದೇ ಕಣಿವೆಯ ಹೆಸರನ್ನು ಹೊತ್ತ ಬೆಂಕಿಯಲ್ಲಿ ತನ್ನ ಮಕ್ಕಳನ್ನು ಕೊನೆಯಿಲ್ಲದೆ ಸುಡುತ್ತಾ ಇರುತ್ತಾರೆ ಎಂದು ನಂಬಲು ನನ್ನಿಂದ ಆಗುವುದಿಲ್ಲ.

ನಿಮ್ಮ ಅತ್ತೆ ನಾಳೆ ಮತ್ತಾಯನ 25ನೇ ಅಧ್ಯಾಯವನ್ನು ತೆರೆದು ತೋರಿಸಬಹುದು. ‘ನಿತ್ಯ ದಂಡನೆ’ ಎಂಬ ಮಾತು ಇರುವುದು ಅಲ್ಲಿಯೇ. ಅದೇ ವಾಕ್ಯದಲ್ಲಿ ‘ನಿತ್ಯ ಜೀವ’ ಎಂದೂ ಇರುವುದರಿಂದ, ಒಂದು ಕೊನೆಯಿಲ್ಲದ್ದಾದರೆ ಇನ್ನೊಂದೂ ಕೊನೆಯಿಲ್ಲದ್ದೇ ಎಂದು ಸಂತ ಅಗಸ್ತೀನರು 5ನೇ ಶತಮಾನದಲ್ಲಿ ವಾದಿಸಿದರು. ಇದು ತಳ್ಳಿಹಾಕುವಂಥ ವಾದವಲ್ಲ, ಪಶ್ಚಿಮದ ಧರ್ಮಸಭೆಯಲ್ಲಿ ಗೆದ್ದದ್ದೂ ಅದೇ. ಆದರೆ ಆ ಅಧ್ಯಾಯವನ್ನು ದಯವಿಟ್ಟು ಮೊದಲಿನಿಂದ ಓದಿ. ಅಲ್ಲಿ ಅರಸನು ಎಷ್ಟು ಪೂಜೆಗೆ ಬಂದೆ ಎಂದು ಯಾರನ್ನೂ ಕೇಳುವುದಿಲ್ಲ. ಹಸಿದವರಿಗೆ ಊಟ ಕೊಟ್ಟೆಯಾ, ರೋಗದಲ್ಲಿ ಬಿದ್ದವರನ್ನು ನೋಡಿಕೊಂಡೆಯಾ ಎಂಬುದೇ ಅಲ್ಲಿಯ ವಿಚಾರಣೆ. ಜ್ವರ ಬಂದ ಕೂಲಿಯವರ ಮಗುವನ್ನು ನಡುರಾತ್ರಿಯಲ್ಲಿ ಎತ್ತಿಕೊಂಡು ಹೋದ ರೈಟರು ಆ ವಿಚಾರಣೆಯಲ್ಲಿ ಯಾವ ಕಡೆ ನಿಲ್ಲುತ್ತಾರೆ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಒರಿಜೆನ್ ಎಂಬ ಕ್ರೈಸ್ತ ಪಂಡಿತ, ಕೊನೆಗೆ ಎಲ್ಲವೂ ದೇವರಿಗೆ ಮರಳುತ್ತದೆ ಎಂಬ ಆಸೆಯನ್ನು ಬರೆದಿಟ್ಟ. ಅವನ ಹೆಸರಿನ ಬೋಧನೆಗಳು 6ನೇ ಶತಮಾನದಲ್ಲಿ ಖಂಡನೆಗೆ ಒಳಗಾದವು. ಆದರೆ ಬಹುಮಟ್ಟಿಗೆ ಅದನ್ನೇ ನಂಬಿದ್ದ ನಿಸ್ಸಾದ ಗ್ರೆಗೊರಿಯನ್ನು ಪೂರ್ವದ ಧರ್ಮಸಭೆಯವರೂ ಪಶ್ಚಿಮದವರೂ ಇಂದಿಗೂ ಸಂತನೆಂದೇ ಗೌರವಿಸುತ್ತಾರೆ. 7ನೇ ಶತಮಾನದಲ್ಲಿ, ಇಂದಿನ ಇರಾಕಿನ ನೆಲದಲ್ಲಿ ಬಿಷಪ್ ಆಗಿದ್ದ ನಿನೆವೆಯ ಈಸಾಕ್, ಗೆಹೆನ್ನದಲ್ಲಿ ಇರುವವರನ್ನು ಬಾಧಿಸುವುದು ಪ್ರೀತಿಯ ಏಟು ಎಂದರು. ತನ್ನನ್ನು ಪ್ರೀತಿಸಿದವರಿಗೆ ದ್ರೋಹ ಮಾಡಿದೆನೆಂಬ ಅರಿವಿಗಿಂತ ದೊಡ್ಡ ಉರಿ ಇಲ್ಲವೆಂಬುದು ಅವರ ಮಾತಿನ ಅರ್ಥ. ಈ ಮಾತು ನನಗೆ ತುಂಬ ನಿಜವೆನಿಸುತ್ತದೆ. ಇನ್ನು, 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ನರಕದ ನಿತ್ಯತೆಯನ್ನು ಬಿಟ್ಟುಕೊಟ್ಟಿಲ್ಲ, ಆದರೆ ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಗೊತ್ತುಮಾಡುವುದಿಲ್ಲ, ಮನುಷ್ಯ ಬೇಕೆಂದೇ ದೇವರಿಂದ ತನ್ನನ್ನು ಹೊರಗಿಟ್ಟುಕೊಂಡು ಕೊನೆಯವರೆಗೂ ಹಾಗೆಯೇ ಉಳಿದರೆ ಆ ಸ್ಥಿತಿಯೇ ನರಕ ಎನ್ನುತ್ತದೆ. ಪೋಪ್ ಎರಡನೇ ಜಾನ್ ಪಾಲ್ ಅವರೂ 1999ರಲ್ಲಿ ಅದನ್ನು ಒಂದು ಜಾಗ ಎನ್ನುವುದಕ್ಕಿಂತ ಒಂದು ಸ್ಥಿತಿ ಎಂದೇ ವಿವರಿಸಿದರು. ನಿಮ್ಮ ತಂದೆ ಮುನಿಸಿಕೊಂಡದ್ದು ತಾಯಿಯ ಹೆಣದ ಮುಂದೆ ತಮ್ಮ ಮನ ನೋಯಿಸಿದ ಮನುಷ್ಯರ ಮೇಲೆ. ದೇವರ ಮೇಲೆಯೇ ಮುನಿದವರು ವರ್ಷ ವರ್ಷವೂ ಹುಲ್ಲು ಹಾಸಿ ಬಾಲಯೇಸುವಿಗೆ ಗೋದಲಿ ಕಟ್ಟುತ್ತಾರೆಯೇ?

ಪಕ್ಕದ ಮನೆಯವರ ಮಾತಿಗೆ ಹೊಟ್ಟೆಕಿಚ್ಚು ಬಂತೆಂದು ನಾಚಬೇಡಿ. ಕರ್ಮ ಸವೆದ ಮೇಲೆ ನರಕವೂ ಮುಗಿಯುತ್ತದೆ ಎಂಬುದು ಹಿಂದೂ ಪರಂಪರೆಗಳಲ್ಲಿ ಹೆಚ್ಚಿನವುಗಳ ನಿಲುವು ನಿಜ. ಆದರೂ ನಮ್ಮ ಉಡುಪಿಯ ಮಧ್ವಾಚಾರ್ಯರು ಕೆಲವು ಜೀವಗಳಿಗೆ ಅಂಧಂತಮಸ್ಸು ಎಂಬ ಕಡುಗತ್ತಲೆಯ ನರಕದಿಂದ ಬಿಡುಗಡೆಯೇ ಇಲ್ಲವೆಂದು ಹೇಳಿದ್ದಾರೆ, ಅದಕ್ಕೆ ಆ ಜೀವಗಳ ಸ್ವಭಾವವನ್ನೇ ಕಾರಣವಾಗಿ ಕೊಟ್ಟಿದ್ದಾರೆ. ಈ ಪ್ರಶ್ನೆಯ ಭಾರ ಒಂದೇ ಧರ್ಮದವರ ಹೆಗಲ ಮೇಲಿಲ್ಲ ಎನ್ನಲು ಇದನ್ನು ಹೇಳಿದೆ, ಅಷ್ಟೇ.

ನೀವು ಮತ್ತೆ ಪ್ರಾರ್ಥಿಸಲು ಕೂತಾಗ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಜಪಮಾಲೆಯ ಆರಂಭದ ವಿಶ್ವಾಸ ಪ್ರಮಾಣದಲ್ಲಿ, ಯೇಸು ಸತ್ತು ಪಾತಾಳಕ್ಕೆ ಇಳಿದರು ಎಂದು ಹೇಳುತ್ತೀರಲ್ಲವೇ? ಇಸ್ತಾಂಬುಲಿನ ಹಳೆಯ ಖೋರಾ ಚರ್ಚಿನಲ್ಲಿ, 14ನೇ ಶತಮಾನದ ಆರಂಭದಲ್ಲಿ, ಆ ಇಳಿದುಹೋದ ಗಳಿಗೆಯನ್ನೇ ಗೋಡೆಯ ಮೇಲೆ ಬರೆದಿದ್ದಾರೆ. ಬಿಳಿಯ ಉಡುಪಿನ ಯೇಸು ಕಾಲಗಲಿಸಿ ನಿಂತು, ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಹವ್ವಳನ್ನೂ ಗೋರಿಯಿಂದ ಮೇಲಕ್ಕೆ ಎಳೆಯುತ್ತಿದ್ದಾರೆ. ಅವರ ಕಾಲಡಿಯಲ್ಲಿ ಮುರಿದ ಬಾಗಿಲುಗಳೂ ಬೀಗಗಳೂ ಚೆಲ್ಲಾಡಿವೆ. ಅವರು ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಹಿಡಿದುಕೊಳ್ಳಲು ಕಸುವಿಲ್ಲದವರನ್ನು, ಬಾವಿಗೆ ಬಿದ್ದವರನ್ನು ನಾವು ಎತ್ತುವುದೂ ಹಾಗೆಯೇ. ಕಣದಲ್ಲಿ ಕುಸಿದುಬಿದ್ದ, ಪ್ರಾರ್ಥನೆಯ ಒಂದು ಮಾತಾಡಲೂ ಸಮಯ ಸಿಗದ ನಿಮ್ಮ ತಂದೆಯ ಕೈಯನ್ನು ಆ ದೇವರು ಹೇಗೆ ಹಿಡಿದಿರಬಹುದು ಎಂದು ಯೋಚಿಸಿ.

ಇನ್ನು ಮಗನ ವಿಷಯ. ದೇವತಾಶಾಸ್ತ್ರವನ್ನು ಅವನಿಗೆ ವಿವರಿಸಲು ಹೋಗಬೇಡಿ. ಇಂದೇ ಅವನನ್ನು ಹತ್ತಿರ ಕೂರಿಸಿಕೊಂಡು, ‘ಇಲ್ಲ ಕಂದ, ತಾತಂಗೆ ಉರೀತಾ ಇಲ್ಲ. ತಾತ ದೇವರ ಹತ್ತಿರ ಇದ್ದಾರೆ. ಅತ್ತೆಯಜ್ಜಿ ದುಃಖದಲ್ಲಿ ಹಾಗೆ ಅಂದುಬಿಟ್ಟರು’ ಎಂದು ಹೇಳಿ, ಅವನು ಎಷ್ಟು ಸಲ ಕೇಳಿದರೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಸದ್ಯಕ್ಕೆ ಅವನನ್ನು ಶನಿವಾರದ ಕೂಟಕ್ಕೆ ಕಳುಹಿಸಬೇಡಿ. ಅವನ ಹೆದರಿಕೆ ಕೆಲವು ವಾರವಾದರೂ ನಿಲ್ಲದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ.

ನಿಮ್ಮ ಅತ್ತೆಯನ್ನು ದ್ವೇಷಿಸಬೇಡಿ ಎನ್ನಲು ನನಗೆ ಕಾರಣವಿದೆ. ಅವರೂ ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡವರು. 22 ವರ್ಷ ಅವರನ್ನು ಚರ್ಚಿಗೆ ಕರೆತರಲಾಗಲಿಲ್ಲ ಎಂಬ ಸಂಕಟವೇ ಅಷ್ಟು ಕಠಿಣವಾದ ಮಾತಾಗಿ ಹೊರಬಂದಿರಬಹುದು. ಮಗನನ್ನು ಬಿಟ್ಟು ನೀವೊಬ್ಬರೇ ಒಂದು ದಿನ ಅವರ ಮನೆಗೆ ಹೋಗಿ. ಜಪಮಾಲೆಯ ಪ್ರತಿ ಹತ್ತು ಮಣಿಗಳ ಕೊನೆಗೆ ಅವರೇ ಹೇಳುವ, ಪೋರ್ಚುಗಲ್ಲಿನ ಫಾತಿಮಾ ಊರಿನ ಹೆಸರಿನ ಪ್ರಾರ್ಥನೆಯಲ್ಲಿ, ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು ಎಂಬ ಬೇಡಿಕೆಯಿದೆ. ‘ಎಲ್ಲ’ ಎಂದರೆ ಅಣ್ಣನೂ ಸೇರಿದನಲ್ಲವೇ ಅತ್ತೆ ಎಂದು ಮೆಲ್ಲಗೆ ಕೇಳಿ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅಪ್ಪನ ಹೆಸರಿನಲ್ಲಿ ಬಲಿಪೂಜೆ ಅರ್ಪಿಸುವಂತೆ ಗುರುಗಳನ್ನು ಕೇಳಿಕೊಳ್ಳಿ, ಸಮಾಧಿಯ ಬಳಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮೋಂಬತ್ತಿಯನ್ನು ನಿಮ್ಮ ಮಗನೇ ಹಚ್ಚಲಿ.