ರುಮಟಾಯ್ಡ್ ಸಂಧಿವಾತ: ಮನಸ್ಸು ಕುಗ್ಗಿದಾಗ ಕಾಯಿಲೆಯೂ ಏರಿದಂತೆ ಕಾಣುವುದೇಕೆ?

ಕಾಣುವುದಷ್ಟೇ ಅಲ್ಲ, ಡಾಕ್ಟರು ಹಾಕುವ ಕಾಯಿಲೆಯ ಅಂಕವೂ ಏರುತ್ತದೆ. ಕೀಲಿನೊಳಗಿನ ಉರಿಯೂತ ಮಾತ್ರ ಇದ್ದಷ್ಟೇ ಇರಬಹುದು.

ಗುಟ್ಟು ಇರುವುದು ಆ ಅಂಕದಲ್ಲಿ. ಡಿಎಎಸ್‌28 ಎಂಬ ಅಳತೆಗಾಗಿ 28 ಕೀಲುಗಳನ್ನು ಒತ್ತಿ ನೋಡುತ್ತಾರೆ. ಎಷ್ಟು ಕೀಲು ಊದಿವೆ ಎಂಬುದು ಡಾಕ್ಟರ ಬೆರಳಿಗೇ ತಿಳಿಯುತ್ತದೆ. ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ರಕ್ತಪರೀಕ್ಷೆಯಿಂದ ಬರುತ್ತದೆ. ಉಳಿದೆರಡನ್ನು ರೋಗಿಯೇ ಹೇಳಬೇಕು: ಎಷ್ಟು ಕೀಲು ನೋಯುತ್ತಿವೆ, ಒಟ್ಟಾರೆ ಸ್ಥಿತಿ ಎಷ್ಟು ಕೆಟ್ಟಿದೆ ಎಂಬುದಕ್ಕೆ 0ಯಿಂದ 100ರೊಳಗೆ ಎಷ್ಟು. ಖಿನ್ನತೆಯಿದ್ದಾಗ ಅಷ್ಟೇ ಒತ್ತಿದರೂ ನೋವು ಹೆಚ್ಚು. ಇದು ನಾಟಕವಲ್ಲ (ಮನೆಯವರು ಹಾಗೆಂದು ಬೈಯುವುದುಂಟು), ಮಿದುಳು ನೋವನ್ನು ತಗ್ಗಿಸುವ ಶಕ್ತಿಯೇ ಆಗ ಕುಂದಿರುತ್ತದೆ. ಅತ್ತ ಉರಿಯೂತದ ಟಿಎನ್‌ಎಫ್, ಐಎಲ್‌-6ನಂಥ ರಾಸಾಯನಿಕಗಳೂ ಮಿದುಳಿನ ಮೇಲೆ ಕೆಲಸ ಮಾಡಿ ದಣಿವು, ಬೇಸರ ತರುತ್ತವೆ.

ಕಾಯಿಲೆ ಮತ್ತು ಮನಸ್ಸು ಇವೆರಡರ ನಡುವೆ ಆತ್ಮವಿಶ್ವಾಸದ ಪಾತ್ರವೂ ಇದೆ. ಬೆಳಗ್ಗೆ ಬೆರಳು ಬಿಗಿದು ಡಬ್ಬಿಯ ಮುಚ್ಚಳ ತಿರುಗದಿದ್ದಾಗ ‘ಇನ್ನು ನನ್ನ ಕೈಲಾಗದು’ ಎಂದುಕೊಂಡವರು ಓಡಾಟವನ್ನೇ ಬಿಡುತ್ತಾರೆ, ಸ್ನಾಯು ಸೊರಗುತ್ತದೆ, ನೋವು ಇನ್ನಷ್ಟು. ‘ಕೈಯನ್ನು ಬಿಸಿನೀರಲ್ಲಿ ಅದ್ದಿ ಆಮೇಲೆ ಮುಚ್ಚಳ ತೆಗೀತೀನಿ’ ಅನ್ನುವವರು ಅಷ್ಟು ಕುಗ್ಗುವುದಿಲ್ಲ.

ಅಂಕ ಏರಿದಾಗ ಡಾಕ್ಟರನ್ನು ಕೇಳಿ, ಏರಿದ್ದು ಊತದಿಂದಲೋ ಬರೀ ನೋವಿನಿಂದಲೋ. ನೋವಿನಿಂದ ಎಂದರೆ ಮನಸ್ಸಿನ ಕುಗ್ಗುವಿಕೆಯನ್ನೂ ಅವರಿಗೆ ಹೇಳಿ. ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ.