ಬೋರ್ಡಿಗೆ ಬೆಸೆದ ಸ್ಟೋರೇಜನ್ನು ಹೆಚ್ಚಿಸಬಹುದೇ?

ಆಪಲ್‌ನ ಎಂ1 ಪ್ರೊಸೆಸರ್ ಇರುವ ನಿಮ್ಮ 2020ರ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪಿನ 256 ಜಿಬಿ ಸ್ಟೋರೇಜ್ ತುಂಬಿಹೋಗಿದೆ, ಯಾದಗಿರಿಯ ಅಂಗಡಿಯವರು ಹೆಚ್ಚಿಸಲು ಬರುವುದಿಲ್ಲ ಎಂದರು, ಹೈದರಾಬಾದಿನ ಒಬ್ಬರು ಚಿಪ್ ಬದಲಿಸಿ 1 ಟಿಬಿ ಮಾಡಿಕೊಡುತ್ತೇವೆ ಎಂದರು, ಯಾರನ್ನು ನಂಬಬೇಕು ಎಂದು ಕೇಳಿದ್ದೀರಿ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಲ್ಯಾಪ್‌ಟಾಪ್ ನನ್ನದಾಗಿದ್ದರೆ ನಾನು ಹೈದರಾಬಾದಿಗೆ ಒಯ್ಯುತ್ತಿರಲಿಲ್ಲ.

ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ, ಅಂದರೆ ಕಡತಗಳನ್ನು ಇಡುವ ಸ್ಟೋರೇಜ್, ತನ್ನದೇ ಕಂಟ್ರೋಲರ್ (ಓದುಬರಹ ನಿಯಂತ್ರಿಸುವ ಭಾಗ) ಹೊಂದಿರುವ, ಎಂ.2 ಎಂಬ ಮಾದರಿಯ ಪ್ರತ್ಯೇಕ ಕಾರ್ಡು, ಒಂದು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಎಂ1ರಲ್ಲಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಇದ್ದು, ಮದರ್‌ಬೋರ್ಡಿನ ಮೇಲೆ ಬರಿಯ ನ್ಯಾಂಡ್ ಮೆಮೊರಿ ಚಿಪ್‌ಗಳು ಬೆಸೆದುಕೊಂಡಿರುತ್ತವೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿಗಾಳಿ ಬಿಟ್ಟು ಹಳೆಯ ಚಿಪ್ ಎಬ್ಬಿಸುವಾಗ ಪಕ್ಕದ ಸಾಸಿವೆಕಾಳಿನಷ್ಟು ಬಿಡಿಭಾಗಗಳು ಅಲುಗಬಾರದು, ಕೆಳಗಿನ ತಾಮ್ರದ ಪ್ಯಾಡ್ ಕೀಳಬಾರದು. ಹೊಸ ಚಿಪ್ ಕೂರಿಸಿದ ಮೇಲೆ ಇನ್ನೊಂದು ಮ್ಯಾಕ್ ಜೋಡಿಸಿ, ಡಿಎಫ್‌ಯು ಎಂಬ ದುರಸ್ತಿ ಮೋಡ್‌ನಲ್ಲಿ ಸಿಸ್ಟಮ್ ಮತ್ತೆ ತುಂಬಬೇಕು. 2021ರಲ್ಲೇ ಚೀನಾದ ತಂತ್ರಜ್ಞರು ಇದನ್ನು ಮಾಡಿ ತೋರಿಸಿದ್ದಾರೆ. ಹಾಗಾಗಿ ಸಾಧ್ಯವೇ ಎಂದರೆ ಸಾಧ್ಯ. ಆದರೆ ಕೆಟ್ಟರೆ ಚಿಪ್ ಮಾತ್ರ ಹೋಗುವುದಿಲ್ಲ, ಇಡೀ ಬೋರ್ಡೇ ಹೋಗಬಹುದು. ಕೂರಿಸುವ ಚಿಪ್ ಹೊಸದೋ, ಹಳೆಯ ಬೋರ್ಡಿನಿಂದ ಕಿತ್ತದ್ದೋ ಎಂಬುದೂ ನಿಮಗೆ ತಿಳಿಯದು.

ಜಾಗದ ಕೊರತೆಗಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಇಲ್ಲಿ ಕಲಬುರಗಿಯಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಇಂಥದೇ ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿಕೊಂಡರು, ಬೋರ್ಡು ಸತ್ತಿತು. ಹಳೆಯ ಯಂತ್ರವಾಗಿದ್ದರೆ ಡಿಸ್ಕು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಕಡತಗಳನ್ನು ನಕಲು ಮಾಡಿಕೊಳ್ಳುತ್ತಿದ್ದೆವು. ಎಂ1ರಲ್ಲಿ ಬರೆದದ್ದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಅದೇ ಪ್ರೊಸೆಸರಿಗೆ ಕಟ್ಟಿಕೊಂಡಿರುತ್ತದೆ. ಆದ್ದರಿಂದ ಚಿಪ್ ಹಾಳಾಗದಿದ್ದರೂ ಅದನ್ನು ಕಿತ್ತು ಬೇರೆಡೆ ಓದುವಂತಿಲ್ಲ. ಅವರ ಪಿಎಚ್‌ಡಿಯ ಎರಡು ಅಧ್ಯಾಯ ಹೋದವು. ಕಳ್ಳರಿಂದ ಕಾಪಾಡುವ ವ್ಯವಸ್ಥೆಯೇ ಯಜಮಾನನನ್ನೂ ಹೊರಗೆ ನಿಲ್ಲಿಸಿತು ಎನ್ನದೆ ವಿಧಿಯಿಲ್ಲ.

ಆದ್ದರಿಂದ ಚಿಪ್ ಬದಲಿಸಲು ಕೊಡುವ ಹಣದಲ್ಲಿ ಯುಎಸ್‌ಬಿ-ಸಿ ಮೂಲಕ ಜೋಡಿಸುವ 1 ಟಿಬಿ ಎಸ್‌ಎಸ್‌ಡಿ ಕೊಂಡು, ಫೋಟೊ ಮತ್ತು ವೀಡಿಯೊಗಳನ್ನು ಅದಕ್ಕೆ ವರ್ಗಾಯಿಸಿರಿ. 10 ಗಿಗಾಬಿಟ್ ವೇಗದ ಡ್ರೈವ್ ಆದರೆ ಸೆಕೆಂಡಿಗೆ ಹೆಚ್ಚುಕಡಿಮೆ 1,000 ಎಂಬಿ ಓದುತ್ತದೆ, ನಿತ್ಯದ ಕೆಲಸಕ್ಕೆ ಅದು ಧಾರಾಳ. ಮ್ಯಾಕ್‌ನಲ್ಲೇ ಇರುವ ಟೈಮ್ ಮಶೀನ್ ತಂತ್ರಾಂಶದ ಬ್ಯಾಕಪ್‌ಗೆ ಇನ್ನೊಂದು ಅಗ್ಗದ ಹಾರ್ಡ್‌ಡಿಸ್ಕ್ ಇರಲಿ. ಕಡತ, ಬ್ಯಾಕಪ್ ಎರಡನ್ನೂ ಒಂದೇ ಡ್ರೈವಿಗೆ ಹಾಕಿದರೆ ಅದು ಕೆಟ್ಟ ದಿನ ಎರಡೂ ಹೋಗುತ್ತವೆ.

ಹೈದರಾಬಾದಿನವರ ಸಂಖ್ಯೆಯನ್ನು ಮಾತ್ರ ಅಳಿಸಬೇಡಿ. ಎಂ1ರಲ್ಲಿ ಒಳಗಿನ ಸ್ಟೋರೇಜ್ ಸತ್ತರೆ ಹೊರಗಿನ ಡಿಸ್ಕಿನಿಂದಲೂ ಯಂತ್ರ ಶುರುವಾಗುವುದಿಲ್ಲ. ಅಂಥ ದಿನ ಬಂದು, ಬ್ಯಾಕಪ್ ಕೈಯಲ್ಲಿದ್ದು, ಕಳೆದುಕೊಳ್ಳಲು ಇನ್ನೇನೂ ಉಳಿಯದಿದ್ದಾಗ ಚಿಪ್ ಬದಲಿಸಿ ನೋಡುವುದರಲ್ಲಿ ಅರ್ಥವಿದೆ.