ಹಂಪಿ, ರಾಮನಗರ ನೋಡಿದವರಿಗೆ ಡಾರ್ಟ್‌ಮೂರ್ ಬಂಡೆಗಳಲ್ಲಿ ಹೊಸದೇನಿದೆ?

ನೀವು ಕೇಳಿರೋದು, ಊರಿಂದ ಅಪ್ಪ ಅಮ್ಮ ಲಂಡನ್‌ಗೆ ಬರ್ತಿದಾರೆ, ಬಂಡೆ ನೋಡೋಕೆ ಅಂತ ಇಂಗ್ಲೆಂಡಿನ ನೈಋತ್ಯದ ಡೆವನ್ ಜಿಲ್ಲೆಯಲ್ಲಿರೋ ಡಾರ್ಟ್‌ಮೂರ್ ತನಕ ಕರ್ಕೊಂಡು ಹೋಗ್ಬೇಕಾ, ಹಂಪಿ ರಾಮನಗರ ನೋಡಿರೋರಿಗೆ ಅಲ್ಲೇನಿದೆ ಅಂತ. ಕರ್ಕೊಂಡು ಹೋಗಿ. ನಾನು ರಾಮನಗರದ ಕಡೆಯವನೇ, ಬಂಡೆ ಮೇಲೆ ರಾಗಿ ಒಣಗಿಸೋದು ನೋಡ್ಕೊಂಡು ಬೆಳೆದೋನು, ಈಗ ಡೆವನ್‌ನ ಎಕ್ಸೆಟರ್‌ನಲ್ಲಿದೀನಿ, ಡಾರ್ಟ್‌ಮೂರ್‌ನ ಎರಡು ಬಂಡೆಗುಡ್ಡ, ಹೇಟಾರ್‌ನಿಂದ ಹೌಂಡ್ ಟಾರ್‌ಗೆ ಐದಾರು ಸಲ ನಡ್ಕೊಂಡು ಹೋಗಿದೀನಿ, ಪ್ರತಿ ಸಲನೂ ಊರಿನ ಬಂಡೆಗಳೇ ಇನ್ನೂ ಚೆನ್ನಾಗಿ ಅರ್ಥ ಆದ ಹಾಗೆ ಅನ್ಸುತ್ತೆ.

ಮೂರ್ ಅಂದ್ರೆ ಮರ ಇಲ್ಲದ ಎತ್ತರದ ಬಯಲು. ಹುಲ್ಲು, ಹೆದರ್ ಪೊದೆ, ಅಲ್ಲಲ್ಲಿ ಕಾಲಿಟ್ರೆ ಪಚಕ್ ಅನ್ನೋ ಕಪ್ಪು ಜೌಗು. ಟಾರ್ ಅಂದ್ರೆ ಆ ಬಯಲಿನ ನೆತ್ತಿ ಮೇಲೆ ಎದ್ದು ನಿಂತಿರೋ ಬಂಡೆ ಗುಂಪು. ಎರಡೂ ಕಡೆ ಗ್ರಾನೈಟೇ, ಆದ್ರೆ ನಮ್ದು ಸುಮಾರು 250 ಕೋಟಿ ವರ್ಷದ್ದು, ಇವರದು ಸುಮಾರು 28 ಕೋಟಿ ವರ್ಷದ್ದು. ನೆಲದ ಒಳಗಡೆ ಇದ್ದಾಗ್ಲೇ ಕಲ್ಲಲ್ಲಿ ಬಿರುಕು ಬಿಡುತ್ತೆ, ಬಿರುಕಲ್ಲಿ ನೀರು ಇಳಿದು ಕಲ್ಲು ಕರಗಿ ಮಣ್ಣಾಗ್ತಾ ಹೋಗುತ್ತೆ, ಬಿರುಕು ಕಮ್ಮಿ ಇರೋ ಜಾಗ ಗಟ್ಟಿಯಾಗಿ ಉಳ್ಕೊಳುತ್ತೆ, ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಬಂಡೆ ಹೊರಗೆ ಕಾಣುತ್ತೆ. ಇಲ್ಲಿ ತನಕ ಎರಡೂ ಊರಿನ ಕಥೆ ಒಂದೇ. ಆದ್ರೆ ಇಲ್ಲಿ ಹಿಮಯುಗದ ಚಳಿ ಬಿದ್ದಿದೆ, ಬಿರುಕಲ್ಲಿ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿ ಬಂಡೆನ ಸೀಳಿ ಹಾಕಿದೆ, ಅದಕ್ಕೇ ನಮ್ಮ ಗುಂಡುಗಲ್ಲುಗಳ ಥರ ಇರಲ್ಲ, ಅಕ್ಕಿರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಅಡ್ಡಡ್ಡ ಪದರ ಕಾಣುತ್ತೆ, ಇಳಿಜಾರಿನ ತುಂಬಾ ಒಡೆದ ಕಲ್ಲು ಚೆಲ್ಲಿರುತ್ತೆ, ಅದಕ್ಕೆ ಇಲ್ಲಿಯವರು ಕ್ಲಿಟರ್ ಅಂತಾರೆ. ಹೇಟಾರ್ ಬಂಡೆನ ಹತ್ತಿರದಿಂದ ನೋಡಿ, ಗ್ರಾನೈಟ್ ಒಳಗಿನ ಖನಿಜ ಫೆಲ್ಡ್‌ಸ್ಪಾರ್‌ನ ಬೆರಳಗಲದ ಬಿಳಿ ಹರಳುಗಳು ಕೈಗೇ ಸಿಗ್ತವೆ.

ಹೇಟಾರ್ 457 ಮೀಟರ್, ಕಾರ್ ಪಾರ್ಕಿಂದ ಹುಲ್ಲಿನ ಏರು, ಕಾಲು ಗಂಟೆ ಸಾಕು, ಬಿಸಿಲಿದ್ರೆ ದೂರದಲ್ಲಿ ಸಮುದ್ರನೂ ಕಾಣುತ್ತೆ. ತುಂಬಾ ಜನ ಅಲ್ಲಿ ಫೋಟೋ ತೆಗೆದು ವಾಪಸ್ ಹೋಗ್ಬಿಡ್ತಾರೆ, ನೀವು ಹಾಗೆ ಮಾಡ್ಬೇಡಿ ಪ್ಲೀಸ್. ಹಿಂದೆ ಇಳಿದ್ರೆ ಹಳೇ ಕ್ವಾರಿ ಇದೆ, ಒಳಗೆ ನೀರು ನಿಂತು ಕೊಳ ಆಗಿದೆ, ಅಲ್ಲಿಂದ ಸ್ವಲ್ಪ ದೂರಕ್ಕೆ ಹುಲ್ಲಲ್ಲಿ ರೈಲು ಹಳಿ ಸಿಗುತ್ತೆ. ಕಬ್ಬಿಣದ್ದಲ್ಲ, ಕಲ್ಲಿನದು! 1820ರಲ್ಲಿ ಗ್ರಾನೈಟನ್ನೇ ಕಡಿದು ಹಳಿ ಮಾಡಿ, ಗಾಡಿಗಳನ್ನ ಕುದುರೆ ಕೈಲಿ ಎಳೆಸಿ, ಕಲ್ಲನ್ನ ಕಾಲುವೆ ತನಕ ಸಾಗಿಸ್ತಿದ್ರು. 1831ರಲ್ಲಿ ಓಪನ್ ಆದ ಲಂಡನ್ ಬ್ರಿಡ್ಜ್‌ಗೂ ಇಲ್ಲಿನ ಕಲ್ಲು ಹೋಗಿತ್ತು, ಆ ಬ್ರಿಡ್ಜನ್ನ ಆಮೇಲೆ 1968ರಲ್ಲಿ ಅಮೆರಿಕದವರಿಗೆ ಮಾರಿದ್ರು, ಈಗ ಅದು ಅರಿಜೋನಾದಲ್ಲಿದೆ. ಹಂಪಿಯಲ್ಲಿ ಬಂಡೆ ಸೀಳೋಕೆ ಸಾಲಾಗಿ ಹೊಡೆದಿರೋ ಉಳಿ ಗುರುತು ನೋಡಿರ್ತೀರಲ್ಲ, ಕಲ್ಲಿನ ಕೆಲಸ ಗೊತ್ತಿರೋರಿಗೆ ಆ ಹಳಿ ಮುಂದೆ ಕೂತ್ರೆ ಏಳೋಕೇ ಮನಸ್ಸಾಗಲ್ಲ.

ಅಲ್ಲಿಂದ ಬೆಕ್ಕಾ ಹಳ್ಳಕ್ಕೆ ಇಳಿದು, ದಾಟಿ, ಮೇಲೆ ಹತ್ತಿದ್ರೆ ಗ್ರೇಟರ್ ಬಂಡೆಗಳು, ಅದರ ಪಕ್ಕದಲ್ಲೇ ಮಧ್ಯಯುಗದ ಒಂದು ಪಾಳು ಹಳ್ಳಿ, ಗೋಡೆಯ ಬುಡ ಮಾತ್ರ ಉಳಿದಿದೆ. ಆಗ ಒಂದೇ ಸೂರಿನಡಿ ಇಳಿಜಾರಿನ ಮೇಲ್ಗಡೆ ಜನ ಇರ್ತಿದ್ರು, ಕೆಳಗಡೆ ದನ. ನಮ್ಮ ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ಬಾಗಿಲು ದಾಟಿದ್ರೆ ಮೊದ್ಲು ಗೋದಲಿ ಸಿಗೋ ಹಾಗೇನೇ. ಅದರ ಮೇಲೆ ಹೌಂಡ್ ಟಾರ್. ಬೋವರ್‌ಮನ್ ಅನ್ನೋ ಬೇಟೆಗಾರ ಮಾಟಗಾತಿಯರ ಪೂಜೆ ಕೆಡಿಸಿದ್ದಕ್ಕೆ ಅವರು ಅವನನ್ನೂ ಅವನ ನಾಯಿಗಳನ್ನೂ ಕಲ್ಲು ಮಾಡಿಬಿಟ್ರಂತೆ, ನಾಯಿಗಳು ಈ ಬಂಡೆಗಳು, ಅವನು ಸ್ವಲ್ಪ ದೂರದಲ್ಲಿ ಬೋವರ್‌ಮನ್ಸ್ ನೋಸ್ ಅನ್ನೋ ಹೆಸರಲ್ಲಿ ಒಂಟಿಯಾಗಿ ನಿಂತಿದಾನೆ. ನನಗೆ ಇಡೀ ಡಾರ್ಟ್‌ಮೂರ್‌ನಲ್ಲಿ ಹೌಂಡ್ ಟಾರೇ ಇಷ್ಟ, ಎರಡು ಸಾಲು ಬಂಡೆ ಮಧ್ಯೆ ಓಣಿಯಂಥ ಜಾಗ ಇದೆ, ಹೊರಗೆ ಗಾಳಿ ಎಷ್ಟೇ ಬೀಸ್ಲಿ, ಒಳಗೆ ಬುತ್ತಿ ಬಿಚ್ಕೊಂಡು ಕೂರಬಹುದು.

ಮಂಜಿನ ವಿಷಯ ಮಾತ್ರ ಲೈಟಾಗಿ ತಗೋಬೇಡಿ. ಎರಡನೇ ಸಲ ಹೋದಾಗ ಹತ್ತೇ ನಿಮಿಷದಲ್ಲಿ ಮಂಜು ಕವಿದು ಎದುರಿಗಿದ್ದ ಹೇಟಾರ್ ಮಾಯ ಆಯ್ತು, ಫೋನಲ್ಲಿ ಸಿಗ್ನಲ್ ಇಲ್ಲ, ಆ ಕಲ್ಲಿನ ಹಳಿ ಕಾಲಿಗೆ ಸಿಕ್ಕಿದ್ದರಿಂದ ವಾಪಸ್ ಬಂದೆ. ಪೇಪರ್ ಮ್ಯಾಪು, ಕಂಪಾಸು, ರೇನ್‌ಕೋಟು ಬೇಕೇ ಬೇಕು. ಬೇಸಿಗೆಯಲ್ಲಿ ಜರಿಗಿಡ ಎದೆ ಮಟ್ಟ ಬೆಳೆದಿರುತ್ತೆ, ರಕ್ತ ಹೀರೋ ಉಣ್ಣಿ ಹುಳ (ಟಿಕ್) ಹತ್ತುತ್ತೆ, ಫುಲ್ ಪ್ಯಾಂಟ್ ಹಾಕ್ಕೊಳ್ಳಿ. ಆಗಸ್ಟ್‌ನಲ್ಲಿ ಹೋದ್ರೆ ಹೆದರ್ ಹೂ ಬಿಟ್ಟು ಗುಡ್ಡ ಎಲ್ಲ ನೇರಳೆ. ಬಯಲಲ್ಲಿ ಮೇಯ್ತಿರೋ ಪೋನಿಗಳಿಗೆ, ಅಂದ್ರೆ ಗಿಡ್ಡ ಕುದುರೆಗಳಿಗೆ, ಏನೂ ತಿನ್ನಿಸ್ಬೇಡಿ, ರುಚಿ ಹತ್ತಿದ್ರೆ ರೋಡಿಗೆ ಬಂದು ಕಾರಿಗೆ ಸಿಕ್ಕಿ ಸಾಯ್ತವೆ.

ಲಂಡನ್‌ನ ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ಡೆವನ್‌ನ ನ್ಯೂಟನ್ ಆಬಟ್‌ಗೆ ಟ್ರೈನಿದೆ, ಅಲ್ಲಿಂದ ಟ್ಯಾಕ್ಸಿ. ಅಮ್ಮಂಗೆ ಮಂಡಿ ನೋವು ಅಂತ ಬರೆದಿದೀರಿ, ಹಳ್ಳದ ಇಳಿಜಾರು ಅವರಿಗೆ ಕಷ್ಟ ಆಗುತ್ತೆ, ಹೌಂಡ್ ಟಾರ್ ಬುಡದಲ್ಲೂ ಒಂದು ಕಾರ್ ಪಾರ್ಕ್ ಇದೆ, ಅವರನ್ನ ಟ್ಯಾಕ್ಸಿಯಲ್ಲಿ ಅಲ್ಲಿಗೆ ಕಳ್ಸಿ, ನೀವೂ ಅಪ್ಪನೂ ನಡ್ಕೊಂಡು ಬನ್ನಿ. ಊಟದ ಡಬ್ಬಿ ಅಮ್ಮನ ಹತ್ರ ಇರಲಿ.